ಕೆಂಟ್ ಕತೆಗಳು – 9: ವೀಸಾ ಸಿಗದ ಗಿಟಾರಿಸ್ಟ್

ಕ್ಯಾಂಟರ್ಬರಿ ಅಂದರೆ ದೊಡ್ಡ ಚರ್ಚು, ಯಾತ್ರಿಕರು ಅಂತ ಹಿಂದೆ ಬರೆದಿದ್ದೆ. ಈ ಸಲ ಅದೇ ಊರಿನ ಒಂದು ಬ್ಯಾಂಡಿನ ಕತೆ. ಹೆಸರು ಸಾಫ್ಟ್ ಮಷೀನ್. ವೀಸಾಕ್ಕಾಗಿ ಉಸಿರು ಬಿಗಿಹಿಡಿದು ಕಾದವರು ನಮ್ಮ ಮನೆಗಳಲ್ಲೂ ಇದ್ದಾರಲ್ಲ, ಅವರಿಗೆ ಈ ಕತೆ ಬೇಗ ಹತ್ತಿರವಾಗುತ್ತೆ.

ರಾಬರ್ಟ್ ವಾಯಟ್, ಮೈಕ್ ರಾಟ್ಲೆಜ್, ಹ್ಯೂ ಹಾಪರ್ ಮೂವರೂ ಇಲ್ಲಿನ ಸೈಮನ್ ಲ್ಯಾಂಗ್ಟನ್ ಶಾಲೆಯ ಹುಡುಗರು. ಡೋವರ್ ಹತ್ತಿರದ ಲಿಡನ್ ಅನ್ನೋ ಹಳ್ಳಿಯಲ್ಲಿ ವಾಯಟ್ ಮನೆ. ಅವನ ತಾಯಿ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. 1961ರಲ್ಲಿ ಹಾಗೆ ಬಾಡಿಗೆಗೆ ಬಂದವನು ಆಸ್ಟ್ರೇಲಿಯಾದ ಡೇವಿಡ್ ಆಲನ್. ಹುಡುಗರಿಗಿಂತ ವಯಸ್ಸಿನಲ್ಲಿ ದೊಡ್ಡವನು, ಜಾಝ್ ಮತ್ತು ಕವಿತೆಯ ಹುಚ್ಚಿನವನು. ಆ ಹುಚ್ಚು ಹುಡುಗರಿಗೂ ಅಂಟಿತು. 1964ರಲ್ಲಿ ವೈಲ್ಡ್ ಫ್ಲವರ್ಸ್ ಅನ್ನೋ ಸ್ಥಳೀಯ ತಂಡ ಹುಟ್ಟಿತು. 1966ರಲ್ಲಿ ವಾಯಟ್, ರಾಟ್ಲೆಜ್, ಆಲನ್ ಜೊತೆಗೆ ಕೆವಿನ್ ಆಯರ್ಸ್ ಸೇರಿ ಸಾಫ್ಟ್ ಮಷೀನ್ ಆಯಿತು. ವಿಲಿಯಂ ಬರೋಸ್ ಎಂಬ ಅಮೆರಿಕನ್ ಲೇಖಕರ ಕಾದಂಬರಿಯ ಹೆಸರದು.

ಲಂಡನ್ನಿನ ಯುಎಫ್‌ಒ ಕ್ಲಬ್ಬಿನಲ್ಲಿ ಪಿಂಕ್ ಫ್ಲಾಯ್ಡ್ ಜೊತೆಗೆ ಇವರ ಹೆಸರೂ ಓಡಾಡತೊಡಗಿತು. 1967ರ ಬೇಸಿಗೆಯಲ್ಲಿ ಫ್ರಾನ್ಸಿಗೆ ಹೋಗಿ ನುಡಿಸಿದರು. ವಾಪಸ್ ಬರುವಾಗ ಆಲನ್‌ನನ್ನು ಬ್ರಿಟನ್ ಒಳಗೆ ಬಿಡಲಿಲ್ಲ. ಹಿಂದೆ ವೀಸಾ ಅವಧಿ ಮೀರಿ ಉಳಿದಿದ್ದ ಅನ್ನೋದು ಕಾರಣ. ಮಿಕ್ಕ ಮೂವರು ಮನೆಗೆ ಬಂದರು, ಅವನು ಫ್ರಾನ್ಸಿನಲ್ಲೇ ಉಳಿದ. ಮುಂದೆ ಅಲ್ಲೇ ಗಾಂಗ್ ಅನ್ನೋ ಬ್ಯಾಂಡ್ ಕಟ್ಟಿದ.

ರಾಕ್ ಬ್ಯಾಂಡಿನಲ್ಲಿ ಗಿಟಾರಿಸ್ಟ್ ಇಲ್ಲ ಅಂದರೆ ನಾದಸ್ವರ ಇಲ್ಲದ ಮದುವೆ ಇದ್ದಹಾಗೆ. ಆ ಖಾಲಿ ಜಾಗ ತುಂಬುವ ಹೊಣೆ ರಾಟ್ಲೆಜ್‌ನ ಆರ್ಗನ್ ಮೇಲೆ ಬಿತ್ತು. ಅವನು ಆರ್ಗನ್ನಿಗೆ ಗಿಟಾರಿನವರು ಬಳಸುವ ಫಝ್ ಪೆಟ್ಟಿಗೆ ಜೋಡಿಸಿದ್ದ. ಸ್ವರ ಒರಟಾಗಿ, ಉರಿಯುವಂತೆ ಬರುತ್ತಿತ್ತು. ಆದರೆ ಬೆರಳು ಎತ್ತಿದರೆ ಸಾಕು, ಸ್ಪೀಕರ್ ಕಿರುಚುತ್ತಿತ್ತು. ಹಾಗಾಗಿ ಉಸಿರಿಗೂ ಬಿಡುವು ಕೊಡದೆ ನುಡಿಸಿದ. ಈ ಬ್ಯಾಂಡಿನ ಗುರುತೇ ಆದ ಆ ಎಡೆಬಿಡದ ಸ್ವರಧಾರೆಯ ಹಿಂದೆ ಇದ್ದದ್ದು ಇಂಥ ಅನಿವಾರ್ಯ.

1968ರಲ್ಲಿ ಜಿಮಿ ಹೆಂಡ್ರಿಕ್ಸ್ ಜೊತೆ ಅಮೆರಿಕ ಸುತ್ತಿದರು. ಆ ನಡುವೆಯೇ ನ್ಯೂಯಾರ್ಕಿನಲ್ಲಿ ಮೊದಲ ಆಲ್ಬಂ ಮುದ್ರಣವಾಯಿತು. ತಿಂಗಳುಗಟ್ಟಲೆ ಪ್ರಯಾಣದಿಂದ ಬಸವಳಿದ ಆಯರ್ಸ್ ತನ್ನ ಬೇಸ್ ಗಿಟಾರನ್ನೇ ಮಾರಿ ಸ್ಪೇನಿನ ಇಬಿಜಾ ದ್ವೀಪಕ್ಕೆ ಹೊರಟುಹೋದ. ಬ್ಯಾಂಡ್ ಮುಗಿದೇಹೋಯಿತು ಅನ್ನುವಾಗ ಎರಡನೇ ಆಲ್ಬಂ ಮಾಡಿಕೊಡಲೇಬೇಕಾಗಿ ಬಂತು. ಬೇಸ್ ಹಿಡಿದವನು ಹ್ಯೂ ಹಾಪರ್. ಅಲ್ಲಿವರೆಗೆ ಇವರ ಸಾಮಾನು ಹೊತ್ತು ಸಾಗಿಸುತ್ತಿದ್ದ ಅದೇ ಶಾಲಾ ಗೆಳೆಯ!

ಹಾಪರ್ ಬಂದಮೇಲೆ ಸಂಗೀತ ಜಾಝ್ ಕಡೆ ವಾಲಿತು. ಜಾಝ್ ಅಂದರೆ ಒಂದು ಎಳೆ ಹಿಡಿದು ವೇದಿಕೆಯಲ್ಲೇ ಬೆಳೆಸೋದು, ನಮ್ಮ ಕಛೇರಿಯ ಮನೋಧರ್ಮದ ಹಾಗೆ. ಸ್ಯಾಕ್ಸೊಫೋನಿಗೆ ಎಲ್ಟನ್ ಡೀನ್ ಬಂದ. ಎಲ್ಟನ್ ಜಾನ್ ತನ್ನ ಹೆಸರಿನ ಮೊದಲರ್ಧ ಎರವಲು ಪಡೆದದ್ದು ಇವನಿಂದಲೇ. 1970ರ ‘ಥರ್ಡ್’ ಆಲ್ಬಂನಲ್ಲಿ ಎರಡು ತಟ್ಟೆ, ನಾಲ್ಕು ಮುಖ, ಮುಖಕ್ಕೊಂದೇ ಕೃತಿ. ಅದರಲ್ಲಿ ಹಾಡು ಇರೋದು ಒಂದರಲ್ಲಿ ಮಾತ್ರ, ವಾಯಟ್ ಬರೆದ ‘ಮೂನ್ ಇನ್ ಜೂನ್’ನಲ್ಲಿ.

ಅದೇ ವರ್ಷ ಆಗಸ್ಟ್ 13ರಂದು ರಾಯಲ್ ಆಲ್ಬರ್ಟ್ ಹಾಲ್‌ನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಶಾಸ್ತ್ರೀಯ ಸಂಗೀತದ ಆ ವೇದಿಕೆಗೆ ಬಂದ ಮೊದಲ ರಾಕ್ ಬ್ಯಾಂಡ್ ಇದು. ಸಿಗರೇಟಿಗೆಂದು ಹೊರಗೆ ಹೋದ ವಾಯಟ್‌ನನ್ನು ಬಾಗಿಲು ಕಾಯುವವನು ವಾಪಸ್ ಬಿಡಲು ಒಪ್ಪಲಿಲ್ಲವಂತೆ. ಒಳಗೆ ನಡೆಯೋದು ಸರಿಯಾದ ಸಂಗೀತ ಕಣಪ್ಪ ಅಂದನಂತೆ!

1971ರ ಹೊತ್ತಿಗೆ ಆ ಸಂಗೀತದಲ್ಲಿ ಹಾಡುವವನಿಗೆ ಜಾಗವೇ ಇರಲಿಲ್ಲ. ವಾಯಟ್ ಹೊರಬಿದ್ದ. ಅವನು ಕಟ್ಟಿದ ಹೊಸ ತಂಡದ ಹೆಸರು ಮ್ಯಾಚಿಂಗ್ ಮೋಲ್. ಸಾಫ್ಟ್ ಮಷೀನ್ ಅನ್ನೋದನ್ನು ಫ್ರೆಂಚಿನಲ್ಲಿ ಹೇಳಿದರೆ ಇಂಗ್ಲಿಷ್ ಕಿವಿಗೆ ಹಾಗೆ ಕೇಳುತ್ತೆ. ಕಳೆದುಕೊಂಡ ಮನೆಯ ಹೆಸರನ್ನು ತಮಾಷೆ ಮಾಡಿಕೊಂಡೇ ಹೊತ್ತು ನಡೆದ.

1973ರ ಜೂನ್ 1ರಂದು ಒಂದು ಪಾರ್ಟಿಯಲ್ಲಿ ಮೇಲಿನ ಮಹಡಿ ಕಿಟಕಿಯಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬೆನ್ನುಹುರಿ ಪೆಟ್ಟಿನ ಆರೈಕೆಗೆ ಹೆಸರಾದ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದ. ಡ್ರಮ್ಸ್ ಅಂದರೆ ಕೈಯಷ್ಟೇ ಅಲ್ಲ, ಎರಡು ಕಾಲೂ ಬೇಕು. ಇಂಥ ರೋಗಿಗೆ ಮೈ ತಿರುಗಿಸೋದು, ಗಾಲಿಕುರ್ಚಿಗೆ ದಾಟೋದು ಎಲ್ಲ ಮೊದಲಿಂದ ಕಲಿಯುವ ಕೆಲಸ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಆ ನವೆಂಬರಿನಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅವನ ಸಹಾಯಾರ್ಥ ಕಛೇರಿ ನಡೆಯಿತು. ನುಡಿಸಿದವರು ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮಷೀನ್.

ಮರುವರ್ಷ ಬಂದ ಅವನ ‘ರಾಕ್ ಬಾಟಮ್’ ಆಲ್ಬಂ ಕೇಳಿ. ಹಳೆಯ ಬ್ಯಾಂಡಿಗೆ ಬೇಡವಾಗಿದ್ದ ಆ ಸಣ್ಣ ದನಿಯೇ ಅದರ ಜೀವ.