ಬಟ್ಟಲಿನಲ್ಲಿ ಬೊಗೊಟಾದ ಚರಿತ್ರೆ

ಕೊಲಂಬಿಯಾದ ರಾಜಧಾನಿ ಬೊಗೊಟಾ ಸಮುದ್ರ ಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಸಮಭಾಜಕ ವೃತ್ತಕ್ಕೆ ಸಮೀಪವಿದ್ದರೂ ಅಲ್ಲಿ ಚಳಿ ವರ್ಷವಿಡೀ ತಪ್ಪಿದ್ದಲ್ಲ. ನಗರದ ಮುಖ್ಯ ಚೌಕದ ಬಳಿ 'ಲಾ ಪುಯೆರ್ತಾ ಫಾಲ್ಸಾ' ಎಂಬ ಪುಟ್ಟ ಹೋಟೆಲೊಂದಿದೆ. ಹೆಸರಿನ ಅರ್ಥ 'ಸುಳ್ಳು ಬಾಗಿಲು'. ಎದುರಿನ ಕೆಥೆಡ್ರಲ್‌ನ ಪಕ್ಕದ ಬಾಗಿಲಿನಿಂದ ಈ ಹೆಸರು ಬಂತು. 1816ರಿಂದಲೂ ನಡೆಯುತ್ತಿದೆ ಎಂಬುದು ಹೋಟೆಲಿನವರ ಹೆಮ್ಮೆ. ಅದೇ ವರ್ಷ ಸ್ಪೇನಿನ ಸೈನ್ಯ ನಗರವನ್ನು ಮರಳಿ ವಶಪಡಿಸಿಕೊಂಡು ಸ್ವಾತಂತ್ರ್ಯವಾದಿಗಳನ್ನು ಕೊಲ್ಲಿಸಿತ್ತು.

ಇಂಥ ಹೋಟೆಲುಗಳಲ್ಲಿ ನಾಲ್ಕು ಜನ ಕೂಡಿ ಕುಳಿತರೆ ಮೇಜಿಗೆ ಬರುವುದು 'ಅಜಿಯಾಕೊ', ಅಂದರೆ ಕೋಳಿ ಮತ್ತು ಆಲೂಗಡ್ಡೆಯ ಗಟ್ಟಿ ಸಾರು. 'ಅಹಿ' ಎಂದರೆ ಮೆಣಸಿನಕಾಯಿ. ಹೆಸರು ಅದರಿಂದಲೇ ಹುಟ್ಟಿದ್ದು. ತಮಾಷೆಯೆಂದರೆ ಬೊಗೊಟಾದ ಅಜಿಯಾಕೊಗೆ ಸಾಮಾನ್ಯವಾಗಿ ಮೆಣಸಿನಕಾಯಿಯನ್ನೇ ಹಾಕುವುದಿಲ್ಲ. ಖಾರವಿಲ್ಲದ ಸಾರು ನಮ್ಮವರಿಗೆ ರುಚಿಸುವುದು ಕಷ್ಟವೇ.

ಅದರ ಗುಟ್ಟಿರುವುದು ಆಲೂಗಡ್ಡೆಯಲ್ಲಿ. ಒಂದೇ ಪಾತ್ರೆಗೆ ಮೂರು ಬಗೆ ಬೀಳುತ್ತವೆ. 'ಕ್ರಿಯೊಯಾ' ಎಂಬ ಹಳದಿ ಬಣ್ಣದ ಸಣ್ಣ ಗಡ್ಡೆ ಪೂರ್ತಿ ಕರಗಿ ಸಾರನ್ನು ಗಟ್ಟಿ ಮಾಡುತ್ತದೆ. 'ಸಬನೇರಾ' ಎಷ್ಟು ಬೆಂದರೂ ಹೋಳಾಗಿಯೇ ಉಳಿಯುತ್ತದೆ. 'ಪಸ್ತೂಸಾ' ಇವೆರಡರ ನಡುವಿನದು. ಇದು ಆಲೂಗಡ್ಡೆಯನ್ನು ಬಹುಕಾಲದಿಂದ ಬಲ್ಲ ನೆಲ. 1537ರಲ್ಲಿ ಹಿಮೆನೆಸ್ ದೆ ಕೆಸಾದನ ದಂಡು ಇಲ್ಲಿನ ಮುಯಿಸ್ಕಾ ಜನರ ಹಳ್ಳಿಗಳಿಗೆ ನುಗ್ಗಿದಾಗ ಮನೆಗಳಲ್ಲಿ ಈ ಗಡ್ಡೆಯನ್ನು ಕಂಡಿತು. ಅದಕ್ಕೆ ಹೆಸರು ತಿಳಿಯದೆ ತಮ್ಮೂರಿನ ಅಣಬೆಯೊಂದರ ಹೆಸರಿನಿಂದ ಕರೆದರು. ಮರುವರ್ಷ ಬೊಗೊಟಾ ಸ್ಥಾಪನೆಯಾಯಿತು.

ಜೋಳದ ತೆನೆಯ ತುಂಡು, ಬೆಣ್ಣೆಹಣ್ಣು ಅಮೆರಿಕದವೇ. ಕೋಳಿ, ಕೆನೆ, ಅನ್ನ, ಉಪ್ಪುನೀರಿನಲ್ಲಿಟ್ಟ ಕೇಪರ್ ಮೊಗ್ಗು ಸ್ಪೇನಿನವರ ಜೊತೆ ಬಂದವು. ಕೆನೆ, ಕೇಪರ್, ಬೆಣ್ಣೆಹಣ್ಣುಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ನಡುವೆ ಇಡುತ್ತಾರೆ. ಬೇಕಾದವರು ಬೇಕಾದಷ್ಟು ಬೆರೆಸಿಕೊಳ್ಳಬಹುದು. ಕೊನೆಯದಾಗಿ 'ಗ್ವಾಸ್ಕಾಸ್' ಎಂಬ ಸೊಪ್ಪು. ಅದಿಲ್ಲದಿದ್ದರೆ ಅದು ಅಜಿಯಾಕೊ ಅಲ್ಲ ಎಂದು ಬೊಗೊಟಾದವರು ವಾದಿಸುತ್ತಾರೆ. ಇದೇ ಗಿಡ ಜಗತ್ತಿನಾದ್ಯಂತ ಹರಡಿದೆ. ಭಾರತದ ತಂಪು ಗುಡ್ಡಗಾಡಿನ ಹೊಲಗಳಲ್ಲೂ ಬೆಳೆಯುತ್ತದೆ. ಇಲ್ಲಿ ಅದು ಕಿತ್ತೆಸೆಯುವ ಕಳೆ!

ಇಷ್ಟೆಲ್ಲ ಕೂಡಿ ಬಾಳಿದ ಈ ಮೇಜಿನಿಂದ ಒಂದನ್ನು ಮಾತ್ರ ಹೊರದಬ್ಬಲಾಯಿತು. ಅದು ಜೋಳವನ್ನು ಹುಳಿಬರಿಸಿ ಮಾಡುವ 'ಚಿಚಾ', ಮುಯಿಸ್ಕಾ ಜನರ ಪಾನೀಯ. ವಸಾಹತು ಕಾಲದಲ್ಲೇ ಅದರ ಮೇಲೆ ಮತ್ತೆ ಮತ್ತೆ ನಿಷೇಧ ಬಿತ್ತು, ಆದರೆ ಫಲಿಸಲಿಲ್ಲ. 19ನೇ ಶತಮಾನದ ಕೊನೆಗೆ ವೈದ್ಯರು ಚಿಚಾ ಕುಡಿಯುವವರ ಕಾಯಿಲೆಗೆಂದೇ 'ಚಿಚಿಸ್ಮೊ' ಎಂಬ ಪದವನ್ನು ಕಟ್ಟಿದರು. 1889ರಲ್ಲಿ ಜರ್ಮನಿಯ ಲಿಯೊ ಕಾಪ್ ಸ್ಥಾಪಿಸಿದ ಬವಾರಿಯಾ ಕಂಪೆನಿಯ ಬಿಯರು ಪೈಪೋಟಿಗೆ ನಿಂತಿತು. 1817ರಲ್ಲಿ ಇದೇ ನಗರದಲ್ಲಿ ಗುಂಡಿಗೆ ಬಲಿಯಾದ ವೀರವನಿತೆ ಪೊಲಿಕಾರ್ಪಾ ಸಲವರ್ರಿಯೇತಾಳ ಹೆಸರಿನಲ್ಲಿ ಕಂಪೆನಿ 'ಲಾ ಪೋಲಾ' ಎಂಬ ಬಿಯರನ್ನೇ ತಂದಿತು. ಬೊಗೊಟಾದ ಆಡುಮಾತಿನಲ್ಲಿ ಬಿಯರಿಗೆ ಈಗಲೂ 'ಪೋಲಾ' ಎನ್ನುತ್ತಾರೆ.

ಕೊನೆಯ ಪೆಟ್ಟು ಬಿದ್ದದ್ದು 1948ರಲ್ಲಿ. ಏಪ್ರಿಲ್ 9ರಂದು ಜನನಾಯಕ ಹೋರ್ಹೆ ಎಲಿಯೆಸೆರ್ ಗೈತಾನ್ ಹತ್ಯೆಯಾಗಿ ನಗರ ಹೊತ್ತಿ ಉರಿಯಿತು. ಹಿಂಸೆಯ ಹೊಣೆ ಬಡವರ ಚಿಚಾ ತಲೆಗೂ ಬಂತು. ಹುಳಿಬರಿಸಿದ ಪಾನೀಯಗಳನ್ನು ಯಂತ್ರದಿಂದ ತಯಾರಿಸಿ, ಮುಚ್ಚಿದ ಗಾಜಿನ ಬಾಟಲಿಗಳಲ್ಲೇ ಮಾರಬೇಕೆಂದು ಅದೇ ವರ್ಷ ಕಾನೂನಾಯಿತು. ಅಂಗಡಿಯ ಹಿಂಬದಿಯಲ್ಲಿ ಹರಿವಿಗಳಲ್ಲಿ ಚಿಚಾ ಹಾಕುತ್ತಿದ್ದವರಿಗೆ ಯಂತ್ರವೆಲ್ಲಿಂದ ಬರಬೇಕು? ಕಾನೂನಿನಲ್ಲಿ ಆರೋಗ್ಯದ ಮಾತಿತ್ತು ನಿಜ, ಆದರೆ ಲಾಭವಾದದ್ದು ಬಿಯರ್ ಕಾರ್ಖಾನೆಗೆ.

ಆದರೂ ಚಿಚಾ ಸಾಯಲಿಲ್ಲ. ನಗರ ಹುಟ್ಟಿದ ಜಾಗವೆಂದು ಹೇಳಲಾಗುವ 'ಚೋರ್ರೊ ದೆ ಕೆವೇದೊ' ಚೌಕದ ಸುತ್ತಲ ಓಣಿಗಳಲ್ಲಿ ಅದನ್ನು ಈಗ ಬಹಿರಂಗವಾಗಿಯೇ ಮಾರುತ್ತಾರೆ. ಕಾಯಿಯ ಒಣ ಕರಟದಿಂದ ಮಾಡಿದ 'ತೊತೂಮಾ' ಬಟ್ಟಲಿಗೆ ಸುರಿದು ಕೊಡುತ್ತಾರೆ. ವಿದ್ಯಾರ್ಥಿಗಳು ಗುಂಪಾಗಿ ಕುಳಿತು ಒಂದೇ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸುತ್ತಾರೆ.