ಅಪರಾಧ ಸಂತ್ರಸ್ತರ ಪರಿಹಾರ

ಅಪರಾಧದಿಂದ ಅಂಗ ಅಥವಾ ದುಡಿಮೆ ಕಳೆದುಕೊಂಡವರಿಗೂ ಜೀವ ಕಳೆದುಕೊಂಡವರ ಅವಲಂಬಿತರಿಗೂ ಸರ್ಕಾರ ನೀಡುವ ಹಣ. 1963ರಲ್ಲಿ ನ್ಯೂಜಿಲೆಂಡ್ ಇದಕ್ಕೆಂದೇ ಕಾನೂನು ತಂದಿತು. ಭಾರತದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 2009ರ ಕೊನೆಗೆ ಜಾರಿಯಾದ 357ಎ ಕಲಂ ಇದಕ್ಕೆ ಆಧಾರವಾಯಿತು. ಕರ್ನಾಟಕದ ಯೋಜನೆ 2011ರದು. 2024ರ ಜುಲೈ 1ರಿಂದ 357ಎ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಅನ್ವಯಿಸುತ್ತದೆ.

ಆರೋಪಿ ಸಿಗದಿದ್ದರೂ ಪರಿಹಾರ ಕೇಳಬಹುದು. ಇದೇ ಈ ಕಾನೂನಿನ ಜೀವಾಳ. ಆರೋಪಿ ಖುಲಾಸೆಯಾದರೂ ನ್ಯಾಯಾಲಯ ಶಿಫಾರಸು ಮಾಡಬಹುದು. ಹಲ್ಲೆಯಲ್ಲಿ ಇಳಕಲ್ಲಿನ ನೇಕಾರನೊಬ್ಬನ ಬಲಗೈ ಮುರಿಯಿತೆನ್ನಿ: ಅಂದೇ ಲಾಳಿ ನಿಲ್ಲುತ್ತದೆ, ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಉಳಿಯುತ್ತದೆ, ಮನೆಯ ಸಂತೆ ಖರ್ಚಿಗೂ ಸಾಲ. ತೀರ್ಪು ಬರುವವರೆಗೆ ಆ ಮನೆ ಕಾಯಲಾರದು. ಆದ್ದರಿಂದಲೇ ಮಧ್ಯಂತರ ಪರಿಹಾರಕ್ಕೂ ಅವಕಾಶವಿದೆ.

ಮೊತ್ತ ನಿರ್ಧರಿಸುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು. ಬಾದಾಮಿ, ಹುನಗುಂದ, ಇಳಕಲ್ ಕಡೆಯವರ ಅರ್ಜಿಗಳು ಬಾಗಲಕೋಟೆಯ ಪ್ರಾಧಿಕಾರಕ್ಕೆ ಸೇರುತ್ತವೆ. ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತು. ಮಹಿಳೆಯರಿಗಾಗಿ 2018ರಲ್ಲಿ ರೂಪಿಸಿದ ರಾಷ್ಟ್ರೀಯ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ನಿಗದಿಯಾಗಿದೆ. ಕಳೆದದ್ದನ್ನು ಈ ಹಣ ತುಂಬಿಕೊಡಲಾರದು. ಆದರೆ ಇದು ಭಿಕ್ಷೆಯಲ್ಲ, ಹಕ್ಕು.

ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ: 15100.