ಇಂಗಾಲದ ಡೈಆಕ್ಸೈಡ್ ಕ್ಯೂರಿಂಗ್ ಮತ್ತು ಆರ್.ಸಿ.ಸಿ. ಸರಳುಗಳ ತುಕ್ಕು ನಿರೋಧಕತೆ

ಹೊಸದಾಗಿ ಎರಕಹೊಯ್ದ ಕಾಂಕ್ರೀಟನ್ನು ಮುಚ್ಚಿದ ಕೋಣೆಯಲ್ಲಿ ಕೆಲವು ಗಂಟೆಗಳ ಕಾಲ ಇಂಗಾಲದ ಡೈಆಕ್ಸೈಡ್ ಅನಿಲಕ್ಕೆ ಒಡ್ಡಿ ಗಟ್ಟಿಗೊಳಿಸುವ ವಿಧಾನವನ್ನು ಇಂಗಾಲದ ಡೈಆಕ್ಸೈಡ್ ಕ್ಯೂರಿಂಗ್ ಎನ್ನಲಾಗುತ್ತದೆ. ಸರಳುಗಳಿಲ್ಲದ ಬ್ಲಾಕ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಆರ್.ಸಿ.ಸಿ. ವಿಷಯ ಬೇರೆ. ಕಟ್ಟಡಗಳ ಸರಳುಗಳಿಗೆ ತುಕ್ಕು ತರುವ ಕಾರಣಗಳಲ್ಲಿ ಇದೇ ಅನಿಲವೂ ಒಂದಾಗಿರುತ್ತದೆ.

ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರು ತೀವ್ರ ಕ್ಷಾರೀಯವಾಗಿದ್ದು, ಅದರ ಪಿ.ಎಚ್. ಮೌಲ್ಯ 12.5ರಿಂದ 13ರಷ್ಟಿರುತ್ತದೆ. ಈ ಸ್ಥಿತಿಯಲ್ಲಿ ಸರಳಿನ ಮೇಲೆ ತೆಳುವಾದ ರಕ್ಷಣಾ ಪದರ ಉಂಟಾಗುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಸೇರಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಪರಿವರ್ತಿಸುತ್ತದೆ. ಪಿ.ಎಚ್. 9ಕ್ಕಿಂತ ಕೆಳಗಿಳಿದಾಗ ರಕ್ಷಣಾ ಪದರ ನಶಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳಿ, ಸಜ್ಜಾ ಹಾಗೂ ತಾರಸಿಯ ತಳಭಾಗದ ಚಕ್ಕೆಗಳು ಕೆಳಗಿರುವವರ ಮೇಲೆ ಕಳಚಿ ಬೀಳುತ್ತವೆ.

ಹಾಗಿದ್ದಲ್ಲಿ ಈ ಅನಿಲವನ್ನೇ ಬಳಸುವುದೇಕೆ? ವ್ಯತ್ಯಾಸವಿರುವುದು ಸಮಯದಲ್ಲಿ. ಎಳೆಯ ಕಾಂಕ್ರೀಟಿನಲ್ಲಿ ಅನಿಲವು ಇನ್ನೂ ನೀರಿನೊಡನೆ ವರ್ತಿಸದ ಸಿಮೆಂಟಿನ ಕಣಗಳೊಂದಿಗೇ ವರ್ತಿಸುತ್ತದೆ. ಆಗ ಉಂಟಾಗುವ ಕಾರ್ಬೊನೇಟ್ ಹರಳುಗಳು ಮೇಲ್ಮೈ ರಂಧ್ರಗಳನ್ನು ತುಂಬುವುದರಿಂದ ನೀರು ಮತ್ತು ಲವಣಗಳ ಒಳಹರಿವು ಕುಂಠಿತಗೊಳ್ಳುತ್ತದೆ. ಅನಂತರ ನೀರಿನ ಕ್ಯೂರಿಂಗ್ ನೀಡಿದಲ್ಲಿ ಉಳಿದ ಸಿಮೆಂಟು ವರ್ತಿಸಿ ಒಳಗಿನ ಕ್ಷಾರೀಯತೆಯನ್ನು ಕಾಯುತ್ತದೆ. ಈ ಎರಡನೆಯ ಹಂತವನ್ನು ಕೈಬಿಡುವುದು ಆರ್.ಸಿ.ಸಿ.ಗೆ ಹಾನಿಕರ.

ಅನಿಲದ ಪ್ರಭಾವವು ಸರಳಿನವರೆಗೆ ತಲುಪಬಾರದು. ಇದನ್ನು ತಿಳಿಯಲು ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ಥಲೀನ್ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ಕ್ಷಾರೀಯ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾರ್ಬೊನೇಟ್ ಆದ ಭಾಗ ಬಣ್ಣ ಪಡೆಯುವುದಿಲ್ಲ. ಹಳೆಯ ಕಟ್ಟಡಗಳ ತಪಾಸಣೆಗೂ ಇದೇ ಪರೀಕ್ಷೆ ಬಳಕೆಯಲ್ಲಿದೆ.

ಕರಾವಳಿಯಲ್ಲಿ ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಸಿಮೆಂಟು ತನ್ನಲ್ಲಿ ಬಂಧಿಸಿಟ್ಟುಕೊಂಡ ಕ್ಲೋರೈಡನ್ನು ಕಾರ್ಬೊನೇಟ್ ಕ್ರಿಯೆಯು ಬಿಡುಗಡೆಗೊಳಿಸುತ್ತದೆ. ಆದುದರಿಂದ ಉಪ್ಪುನೀರು ಅಥವಾ ತೊಳೆಯದ ಸಮುದ್ರದ ಮರಳು ಬೆರೆತ ಕಾಂಕ್ರೀಟಿಗೆ ಈ ವಿಧಾನ ರಕ್ಷಣೆಯಾಗದೆ ಅಪಾಯವೇ ಆಗಬಹುದು.

ಅನಿಲವು ಗಾಳಿಗಿಂತ ಭಾರವಾಗಿದ್ದು ತಗ್ಗಿನಲ್ಲಿ ಶೇಖರವಾಗಿ ಉಸಿರುಗಟ್ಟಿಸುತ್ತದೆ. ಆದುದರಿಂದ ಇದು ನಿಯಂತ್ರಿತ ಕಾರ್ಖಾನೆಯ ಕೆಲಸವೇ ಹೊರತು ಮನೆ ಕಟ್ಟುವ ನಿವೇಶನದ ಕೆಲಸವಲ್ಲ. ನಿವೇಶನದಲ್ಲಿ ಸರಳನ್ನು ಕಾಯುವುದು ನೀರು ಮತ್ತು ಹೊದಿಕೆ. ಐ.ಎಸ್. 456:2000ರಂತೆ ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸತಕ್ಕದ್ದು. ಸರಳಿನ ಹೊರಗಿನ ಹೊದಿಕೆಯನ್ನು ಅದೇ ಸಂಹಿತೆಯು ಕರಾವಳಿಯ ವಾತಾವರಣಕ್ಕೆ ತೆರೆದ ಕಾಂಕ್ರೀಟಿಗೆ 45 ಮಿ.ಮೀ., ಸಮುದ್ರದ ನೀರು ಸಿಡಿಯುವಲ್ಲಿ 50 ಮಿ.ಮೀ. ಎಂದು ನಿಗದಿಪಡಿಸಿದೆ. ಕವರ್ ಬ್ಲಾಕ್ ಬದಲು ಜಲ್ಲಿಕಲ್ಲಿನ ಚೂರುಗಳನ್ನಿಟ್ಟು ಸರಳು ಕಟ್ಟಿದಲ್ಲಿ ಈ ಅಳತೆ ಉಳಿಯುವುದಿಲ್ಲ. ಕಾಂಕ್ರೀಟು ಹಾಕುವ ಮೊದಲೇ ಇದನ್ನು ಅಳೆದು ನೋಡತಕ್ಕದ್ದು.